ಉಪವಾಸದ ದಿನ ಸೊರಗಿದ ಚೀಲ

ಹೊಳೆದಂಡೆಯ ಆ ಮಠದಲ್ಲಿ ಗೋಬರ್ ಗ್ಯಾಸ್ ತುಂಬಿಡಲು ಒಂದು ದೊಡ್ಡ ರಬ್ಬರ್ ಚೀಲವಿತ್ತು. ಅದರ ಉಸ್ತುವಾರಿ ಶಿಷ್ಯ ಚನ್ನವೀರನದು. ಉಸ್ತುವಾರಿ ಸಿಕ್ಕ ದಿನದಿಂದ ಅವನ ನಡಿಗೆಯೇ ಬದಲಾಗಿತ್ತು.

ಸೋಮವಾರ ಉಪವಾಸ, ಒಲೆ ಹಚ್ಚುವಂತಿಲ್ಲ. ಅಂದು ಬೆಳಿಗ್ಗೆ ಅವನು ಚೀಲಕ್ಕೆ ಗ್ಯಾಸ್ ಬರುವ, ಒಲೆಗೆ ಹೋಗುವ ಎರಡೂ ಕೊಳವೆ ಮುಚ್ಚಿ, ಚೀಲದ ಹೊಟ್ಟೆಗೆ ದಾರ ಸುತ್ತಿ ಅಳೆದ. ಮಂಗಳವಾರ ಬೆಳಿಗ್ಗೆ ಅಳೆದರೆ ಒಂದು ಬೆರಳು ಕಡಿಮೆ. ಮೂರು ವಾರವೂ ಹೀಗೇ ಆಯಿತು.

ಮೂರನೆಯ ಮಂಗಳವಾರ ಅವನು ನೇರ ಗುರು ಅಡವಯ್ಯಜ್ಜನ ಬಳಿ ಹೋದ.

"ಅಜ್ಜಾರ, ಅಡಿಗಿ ನೀಲವ್ವ ಉಪಾಸದ ದಿನ ಕದ್ದು ಚಾ ಮಾಡ್ಕೊಂಡು ಕುಡಿಯಾಕತ್ತಾಳ್ರಿ. ಆಕಿನ್ನ ಕಳಿಸಿಬಿಡ್ರಿ."

"ನೀ ನೋಡೀಯೇನು?"

"ನೋಡೋದೇನೈತ್ರಿ? ಚೀಲಕ್ಕ ಸಬಕಾರ ನೀರು ಹಚ್ಚೀನಿ, ಒಂದು ಗುಳ್ಳಿ ಏಳಲಿಲ್ಲ. ತೂತಿಲ್ಲ ಅಂದಮ್ಯಾಲ ಗ್ಯಾಸ್ ಎಲ್ಲಿ ಹೋತ್ರಿ?"

ಬಾಗಿಲಲ್ಲಿ ನಿಂತಿದ್ದ ನೀಲವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಹನ್ನೆರಡು ವರ್ಷ ಆ ಮಠಕ್ಕೆ ರೊಟ್ಟಿ ಬಡಿದವಳು. ಒಳಗೆ ಹೋಗಿ ಸೀರೆ ಮಡಚಿ ಗಂಟು ಕಟ್ಟಿದಳು. ಪಾಪ, ಅವಳಿಗೆ ಹೋಗಲು ಬೇರೆ ಮನೆ ಇರಲಿಲ್ಲ.

"ಶನಿವಾರದ ತನಕ ಇರವ್ವಾ," ಎಂದ ಗುರು.

ಆಮೇಲೆ ಭಕ್ತರ ಮಗು ಬಿಟ್ಟುಹೋಗಿದ್ದ ಬಲೂನೊಂದನ್ನು ಚನ್ನವೀರನ ಕೈಗಿಟ್ಟ. "ಊದು. ಗಂಟು ಹಾಕು. ನಿನ್ನ ಪೆಟ್ಟಿಗ್ಯಾಗಿಟ್ಟು ಕೀಲಿ ಹಾಕು. ಶನಿವಾರ ತಗೊಂಡು ಬಾ."

ಚನ್ನವೀರ ಕೆನ್ನೆ ಕೆಂಪಾಗುವಂತೆ ಊದಿದ. ಕೀಲಿಕೈಯನ್ನು ಉಡಿದಾರಕ್ಕೇ ಕಟ್ಟಿಕೊಂಡ. ಆ ನಾಲ್ಕು ದಿನ ಅವನೊಬ್ಬನ ಸಾರಿಗೆ ಉಪ್ಪು ಬೀಳಲಿಲ್ಲ. ಕೇಳುವ ಧೈರ್ಯ ಅವನಿಗೂ ಬರಲಿಲ್ಲ.

ಶನಿವಾರ ಬಲೂನು ಬಂತು. ಒಣಗಿದ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿತ್ತು.

"ಗಂಟು ಬಿಚ್ಚೈತೇನು?" ಗುರು ಕೇಳಿದ.

"ಇಲ್ರಿ."

"ತೂತು?"

"ನೀರಾಗ ಮುಳುಗಿಸಿ ನೋಡೀನ್ರಿ, ಇಲ್ರಿ."

"ಹಂಗಾದ್ರ ಯಾರೋ ಕದ್ದಾರ. ಕೀಲಿಕೈ ಯಾರ ಹಂತ್ಯಾಕ ಇತ್ತು?"

ಚನ್ನವೀರನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ನಿನ್ನ ಬಟ್ಟಿ ಗಂಟು ಕಟ್ಟು," ಎಂದ ಗುರು. "ಸಂಜಿ ಬಸ್ಸಿಗೆ ಹೊಂಡು."

"ಅಜ್ಜಾರ!" ಚನ್ನವೀರ ಕಾಲು ಹಿಡಿದ. "ದೇವರಾಣಿ ನಾ ಮುಟ್ಟಿಲ್ರಿ! ರಬ್ಬರ್ ನೋಡಾಕಷ್ಟ ಗಟ್ಟಿ, ಅದರ ಮೈಯಾಗ ಸಣ್ಣ ಸಣ್ಣ ಸಂದಿ ಇರ್ತಾವ್ರಿ. ಗಾಳಿ ಆ ಸಂದ್ಯಾಗ ಹೊಕ್ಕು, ಇಲ್ಲಿಂದಲ್ಲಿ ಸರಕೋತ, ಮೆಲ್ಲಕ ಆ ಕಡೆ ಹೊರಬೀಳತೈತ್ರಿ. ಅದಕ್ಕ ತೂತು ಬೇಕಾಗಿಲ್ರಿ, ಕಳ್ಳನೂ ಬೇಕಾಗಿಲ್ರಿ!"

ಹೇಳಿ ಮುಗಿಸಿದ ಮೇಲೆ ಅವನಿಗೆ ತನ್ನ ಮಾತು ತನಗೇ ಕೇಳಿಸಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗುರು ಅವನ ಬೆನ್ನು ತಟ್ಟಿದ.

"ಹೋಗು, ನೀಲವ್ವನ ಗಂಟು ಬಿಚ್ಚು. ಆಕಿ ಸಲುವಾಗಿ ಮೂರು ವಾರ ಸಿಗದ ಸಂದಿ, ನಿನ್ನ ಸಲುವಾಗಿ ಒಂದ ಉಸುರಿಗೆ ಸಿಕ್ತಲ್ಲೋ ತಮ್ಮಾ."