ಗಾಳಿಯ ಪಾಳಿ

ಕೃಷ್ಣೆಯ ದಂಡೆಯ ಮೇಲೊಂದು ಗರಡಿ ಇತ್ತು. ಅಲ್ಲಿ ಕುಸ್ತಿ ಬಿಟ್ಟು ಸೈಕಲ್ ರೇಸು ಕಲಿಸುತ್ತಿದ್ದರು. ಗುರು ರಾಚಯ್ಯನವರು ಮಾತಿನಲ್ಲಿ ಬಲು ಜಿಪುಣರು.

ಗರಡಿಯ ಕಟ್ಟಳೆ ಒಂದೇ. ರೇಸಿನಲ್ಲಿ ಒಬ್ಬನ ಗಾಲಿಯ ಹಿಂದೆ ಇನ್ನೊಬ್ಬ ಅಂಟಿಕೊಂಡು ಹೋಗಬೇಕು. ಮುಂದಿದ್ದವನು ಎದುರು ಗಾಳಿ ತಡೆಯುತ್ತಾನೆ, ಹಿಂದಿದ್ದವನ ಕಾಲಿಗೆ ಆಸರೆ ಸಿಗುತ್ತದೆ. ಮುಂದಿನವನು ದಣಿದು ಪಕ್ಕಕ್ಕೆ ಸರಿದರೆ ಪಾಳಿ ಇನ್ನೊಬ್ಬನದು.

ಶಿಷ್ಯರಲ್ಲಿ ಪರಸಪ್ಪ ಎಂಬವನಿಗೆ ಕೊನೆಯ ಓಟ ಒಲಿದಿತ್ತು. ದಾರಿಯುದ್ದಕ್ಕೂ ಹಿಂದೆ ಇದ್ದು, ಗೆಲುವಿನ ಗೆರೆ ಕಾಣುತ್ತಲೇ ಚಿಮ್ಮಿ ಗೆಲ್ಲುತ್ತಿದ್ದ. ಕೊರಳಿಗೆ ಹಾರ ಬಿದ್ದಂತೆಲ್ಲ ತಲೆಯೂ ತುಸು ತಿರುಗಿತು.

ಒಂದು ದಿನ ಗುರುಗಳ ಬಳಿಗೆ ಬಂದ.

“ಗುರುಗಳ, ದಸ್ತಗೀರನ್ನ ತಂಡದಾಗ ಯಾಕ ಇಟ್ಟೀರಿ?”

“ಯಾಕ, ಏನಾತು?”

“ಒಂದು ರೇಸೂ ಗೆದ್ದಿಲ್ರಿ ಅಂವ. ಗೆರಿ ಹತ್ರ ಬರೂದ್ರಾಗ ಕಾಲು ಸೋತು ಹಿಂದ ಬೀಳತಾನ.”

ದಸ್ತಗೀರ ಅಲ್ಲೇ ಕೂತು ಚೈನಿಗೆ ಎಣ್ಣೆ ಹಾಕುತ್ತಿದ್ದ. ಗುರುಗಳು ಅವನತ್ತ ತಿರುಗಿ, “ಮುಂದಿನ ರೇಸಿಗೆ ನೀ ಬರಬ್ಯಾಡಪಾ,” ಎಂದರು.

ದಸ್ತಗೀರನ ಮುಖ ಸಪ್ಪಗಾಯಿತು. “ಆತ್ರಿ,” ಎಂದು ಎಣ್ಣೆಯ ಡಬ್ಬಿ ಎತ್ತಿಟ್ಟ.

ಮುಂದಿನ ರೇಸಿನಲ್ಲಿ ಪರಸಪ್ಪನ ಮುಂದೆ ಗಾಳಿ ತಡೆದು ಯಾರೂ ಹೆಚ್ಚು ಹೊತ್ತು ಹೋಗಲಿಲ್ಲ. ಅರ್ಧ ದಾರಿಗೇ ಅವನಿಗೆ ಏದುಸಿರು ಹತ್ತಿತು. ಗೆರೆ ಕಂಡಾಗ ಚಿಮ್ಮಲು ನೋಡಿದ, ಕಾಲಲ್ಲಿ ಏನೂ ಉಳಿದಿರಲಿಲ್ಲ.

“ಇವತ್ತ ಗಾಳಿ ಭಾಳ ಇತ್ತರಿ,” ಎಂದ ಗುರುಗಳಿಗೆ.

“ದಿನಾ ಅಷ್ಟ ಇರತೈತಿ,” ಎಂದರು ಗುರುಗಳು.

ಪರಸಪ್ಪ ಸೊಕ್ಕಿನವನಾದರೂ ದಡ್ಡನಲ್ಲ. ಅಂದೇ ಸಂಜೆ ದಸ್ತಗೀರನ ಮನೆಗೆ ಹೋದ.

“ತಪ್ಪಾತು. ತಂಡಕ್ಕ ಬಾ.”

“ಬಿಡಿಸಿದಾಂವನೂ ನೀನ, ಕರಿಯಾಂವನೂ ನೀನ?”

“ಗುರುಗಳನ್ನ ಕೇಳೇ ಬಂದೀನಿ.”

ದಸ್ತಗೀರ ಅವನಿಗೆ ಕೂರಲು ಚಾಪೆ ಹಾಸಿದ. ಆಮೇಲೆ ಹೇಳಿದ: “ಈಗ ಬರೂ ರೇಸು ಗೆದ್ದಾಂವನ್ನ ರಾಜ್ಯ ತಂಡಕ್ಕ ತಗೋತಾರ. ಮುಂದಿನ ವರ್ಷ ನನ್ನ ವಯಸ್ಸು ಮೀರತೈತಿ. ನನಗ ಇದೊಂದ ಉಳದೈತಿ, ಪರಸು.”

ಪರಸಪ್ಪ ಅವನ ಕೈ ಹಿಡಿದುಕೊಂಡ. “ಹಂಗಾರ ಈ ಸಲ ನೀನ ಗೆಲ್ಲಬೇಕು. ಇಷ್ಟು ದಿನ ನನ್ನ ಸಲುವಾಗಿ ನೀ ಗಾಳಿ ತಡದಿ. ಈ ಸಲ ನಿನ್ನ ಸಲುವಾಗಿ ನಾ ತಡೀತೀನಿ.”

ಮರುದಿನ ಗರಡಿಯಲ್ಲಿ ಈ ಮಾತು ಕೇಳಿ ಗುರುಗಳು ಆಗಲಿ ಎಂದು ತಲೆಯಾಡಿಸಿದರು. ಪರಸಪ್ಪನಿಗೆ ಹಿಗ್ಗೋ ಹಿಗ್ಗು. ಗೆದ್ದಾಗಲೂ ಅಷ್ಟು ಹಿಗ್ಗಿರಲಿಲ್ಲ.

ರೇಸಿನ ದಿನ ಗಾಳಿ ನೇರ ಎದುರಿಗೇ ಬೀಸುತ್ತಿತ್ತು. ಸೇತುವೆ ದಾಟುವಷ್ಟರಲ್ಲಿ ಉಳಿದವರೆಲ್ಲ ಹಿಂದೆ ಬಿದ್ದು ಇವರಿಬ್ಬರೇ ಮುಂದಾದರು. ಆಗ ಮುಂದಿದ್ದವನು ದಸ್ತಗೀರ.

“ಬಾಜೂಕ ಆಗು, ಇನ್ನ ನನ್ನ ಪಾಳಿ,” ಎಂದ ಪರಸಪ್ಪ.

ತಲೆ ತಗ್ಗಿಸಿ ತುಳಿಯತೊಡಗಿದ. ಜನ್ಮದಲ್ಲೇ ಅಷ್ಟು ಜೋರಾಗಿ ತುಳಿದವನಲ್ಲ. ತೊಡೆಗಳು ಉರಿಯುತ್ತಿದ್ದವು, ಆ ಉರಿಯೂ ಅವನಿಗೆ ಹಿತವಾಗಿತ್ತು. ಗೆಳೆಯನಿಗಾಗಿ ಇಷ್ಟು ಮಾಡುತ್ತಿದ್ದೇನಲ್ಲ ಎಂದು ಕಣ್ಣು ತುಂಬಿ ಬಂತು. ರಸ್ತೆಯ ಎರಡೂ ಬದಿಯ ಜನ ಅವನ ಹೆಸರು ಹಿಡಿದು ಕೂಗಿದರು.

ಗೆರೆ ಹತ್ತಿರವಾಯಿತು. ದಸ್ತಗೀರ ಮುಂದೆ ಹೋಗಲೆಂದು ಪರಸಪ್ಪ ಪಕ್ಕಕ್ಕೆ ಸರಿದು, ಆಗ ಹಿಂದೆ ನೋಡಿದ.

ಹಿಂದೆ ಯಾರೂ ಇರಲಿಲ್ಲ.

ಅವನು ಕಾಲೂರಿ ನಿಂತುಬಿಟ್ಟ. ಪರ ಊರಿನ ಹುಡುಗರ ಗುಂಪು ತಿರುವಿನಲ್ಲಿ ಕಾಣಿಸಿಕೊಂಡು, ಅವನನ್ನು ದಾಟಿ, ಗೆರೆಯನ್ನೂ ದಾಟಿತು. ಅವರೆಲ್ಲ ಹೋಗಿ ಎಷ್ಟೋ ಹೊತ್ತಾದ ಮೇಲೆ ದಸ್ತಗೀರ ಒಬ್ಬನೇ ಬಂದ. ಅಂಗಿಯ ಮೇಲೆ ಬೆವರು ಒಣಗಿ ಉಪ್ಪಾಗಿತ್ತು.

“ಭಾಳ ಜೋರ್ ಹೊಡದಿ, ಪರಸು,” ಎಂದ. ಅದರಲ್ಲಿ ಕೊಂಕಿರಲಿಲ್ಲ. ಸೈಕಲ್ ತಳ್ಳಿಕೊಂಡು ಮನೆಯ ಕಡೆ ನಡೆದ.

ಪರಸಪ್ಪ ಗರಡಿಗೆ ಬಂದು ಗುರುಗಳ ಮುಂದೆ ಕುಸಿದು ಕೂತ. ಅಳು ತಡೆಯಲಿಲ್ಲ.

“ಗುರುಗಳ, ಅವನ ಸಲುವಾಗಿ ಸೇತುವಿಯಿಂದ ಗೆರಿ ತನಕ ಗಾಳಿ ತಡದೆ. ಎದಿ ಒಡಿಯೂ ಹಂಗ ತುಳದೆ. ಒಂದು ಸಲಾನೂ ಅವನ್ನ ಮುಂದ ಬರಗೊಡಲಿಲ್ಲ. ಅಂದ್ರೂ ಹಿಂಗ್ಯಾಕ ಆತ್ರಿ?”

ಗುರುಗಳು ಕೊಡದಿಂದ ನೀರು ಬಗ್ಗಿಸಿ ಅವನ ಕೈಗಿತ್ತರು. ಕುಡಿದು ಮುಗಿಸುವವರೆಗೂ ಕಾದರು.

“ಅಂವ ತನ್ನ ಗಾಳಿ ತಾನ ತಡಕೊಂಡು ಬಂದಾನ. ನೀ ತಡದದ್ದು ಯಾರ ಗಾಳಿ?”