ಕಾದು ಆರಿದ ಉಪ್ಪು

ರಾಕೆಟ್ಟಿಗೆ ಬೇಕಾಗುವ ಉಪ್ಪನ್ನು ಒಣಗಿಸುವ ಒಂದು ಕಾರ್ಖಾನೆ ಇತ್ತು. ಊಟದ ಉಪ್ಪಲ್ಲ ಮಕ್ಕಳೇ, ನಾಲಗೆಗೆ ಇಡುವ ಆಸೆ ಬೇಡ. ನೋಡಲು ಮಾತ್ರ ಅದೇ ಬಿಳುಪು, ಅದೇ ಹರಳು. ಬೆಂಕಿ ಉರಿಯಲು ಗಾಳಿ ಬೇಕೆಂದು ನಿಮಗೆ ಗೊತ್ತು. ರಾಕೆಟ್ಟು ಹೋಗುವ ಎತ್ತರದಲ್ಲಿ ಗಾಳಿಯೇ ಇಲ್ಲ. ಹಾಗಾಗಿ ಉರಿಯಲು ಬೇಕಾದ ಆಮ್ಲಜನಕವನ್ನು ಈ ಉಪ್ಪು ಬುತ್ತಿ ಕಟ್ಟಿಕೊಂಡ ಹಾಗೆ ತನ್ನೊಳಗೇ ಕಟ್ಟಿಕೊಂಡು ಹೋಗುತ್ತದೆ.

ಅದನ್ನು ಹದವಾದ ಬಿಸಿಯಲ್ಲಿ ಒಣಗಿಸಬೇಕು. ಬಿಸಿ ಹದ ಮೀರಿದರೆ ಉಪ್ಪು ಒಳಗೊಳಗೇ ಒಡೆಯುತ್ತದೆ. ಸ್ವಲ್ಪ ಭಾಗ ಆವಿಯಾಗಿ ಹೋಗುತ್ತದೆ, ಆಮೇಲೆ ತಾನಾಗಿಯೇ ಸುಮ್ಮನಾಗುತ್ತದೆ. ಹೆದರಬೇಕಾದದ್ದು ಇಲ್ಲೇ. ಸುಮ್ಮನಾದ ಉಪ್ಪು ಮೊದಲಿನಂತೆ ಬೆಳ್ಳಗೆ, ಏನೂ ಆಗದ ಹಾಗೆ ಕಾಣುತ್ತದೆ. ಆದರೆ ಒಂದೊಂದು ಹರಳೂ ಹುಳ ಹಿಡಿದ ಜೋಳದ ಕಾಳಿನಂತೆ ಒಳಗೆ ತೂತುತೂತಾಗಿರುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದ ಪೆಟ್ಟನ್ನು, ತಿಕ್ಕಾಟವನ್ನು ಈಗ ತಡೆದುಕೊಳ್ಳುವುದಿಲ್ಲ, ಸಿಡಿದುಬಿಡಬಹುದು. ಅಂಥ ಉಪ್ಪನ್ನು ಜರಡಿಗೆ ಹಾಕಲೇಬಾರದು, ನೀರಿನಲ್ಲಿ ಕರಗಿಸಿಬಿಡಬೇಕು ಎಂದು ಅಲ್ಲಿನ ಎಲ್ಲರಿಗೂ ಕಲಿಸಿದ್ದರು.

ಆ ವಿಭಾಗದ ಮುಖ್ಯಸ್ಥರು ಅಂದಾನಗೌಡರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಅವರ ಕಣ್ಣೆದುರೇ ಒಂದು ಶೆಡ್ಡು ಸಿಡಿದಿತ್ತು. ಒಳಗಿದ್ದವನು ಅವರ ಗೆಳೆಯ. ಹೊಗೆ ಇಳಿದ ಮೇಲೆ ಗೌಡರಿಗೆ ಸಿಕ್ಕಿದ್ದು ಅರ್ಧ ಸುಟ್ಟ ಒಂದು ಬೂಟು. ಅದನ್ನು ಅವರು ತಮ್ಮ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

ಇಟ್ಟುಕೊಂಡು ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯಾರಾದರೂ ತಪ್ಪು ಮಾಡಿದರೆ ಅವರು ಪಾಳಿ ಬಿಡುವ ಹೊತ್ತಿಗೆ ಆ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಗೇಟಿನಲ್ಲಿ ನಿಲ್ಲಬೇಕು. ಕೊನೆಯವನು ಹೊರಗೆ ಹೋಗುವ ತನಕ ತಲೆ ಎತ್ತಬಾರದು. "ಅಂಜಿಕಿ ಇದ್ರ ಮಂದಿ ಉಳೀತಾರ" ಎನ್ನುತ್ತಿದ್ದರು ಗೌಡರು. ಅವರು ಕೆಟ್ಟವರಲ್ಲ, ಅವರ ಭಯ ಸುಳ್ಳೂ ಅಲ್ಲ. ಆದರೆ ತಮ್ಮ ಭಯವನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸತ್ತವನ ಬೂಟಿಗೆ ಕೈ ಮುಗಿಯಬೇಕಾದ ಜನ ಅದನ್ನು ಕಂಡು ಮುಖ ಮುಚ್ಚಿಕೊಳ್ಳುವಂತಾಯಿತು.

ಒಣಗಿಸುವ ಒಲೆಯನ್ನು ನೋಡಿಕೊಳ್ಳುತ್ತಿದ್ದವಳು ಕಸ್ತೂರಿ. ಒಂದು ಸಲ ಅವಳು ಕಾಲುಂಗುರ ಬಿಚ್ಚಲು ಮರೆತು ಒಳಗೆ ಬಂದಿದ್ದಳು. ಲೋಹ ತಾಗಿ ಕಿಡಿ ಹಾರೀತೆಂದು ಅಲ್ಲಿ ಉಂಗುರ, ಬಳೆ, ತಾಳಿ ಎಲ್ಲವನ್ನೂ ಗೇಟಿನಲ್ಲಿಯೇ ಬಿಚ್ಚಿಡಬೇಕು. ನೆನಪಾದ ಕೂಡಲೇ ಅವಳೇ ಓಡಿಹೋಗಿ ಗೌಡರಿಗೆ ಹೇಳಿದಳು. ಬೂಟು ಅವಳ ಕೈಗೆ ಬಂತು. ಕರೆದೊಯ್ಯಲು ಬಂದಿದ್ದ ಗಂಡ ಗೇಟಿನ ಆಚೆ ನಿಂತು ನೋಡಿದ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಆವತ್ತಿನಿಂದ ಕಸ್ತೂರಿ ತಾನಾಗಿ ಯಾವ ಮಾತನ್ನೂ ಯಾರಿಗೂ ಹೇಳಲು ಹೋಗಲಿಲ್ಲ.

ಒಂದು ಬೆಳಗ್ಗೆ ಅವಳು ಒಲೆಯ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಮಗುವಿಗೆ ಜ್ವರ ಬಂದು ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಕಣ್ಣು ಹತ್ತಿತು. ತಾನಾಗಿ ಆರಬೇಕಿದ್ದ ಸ್ವಿಚ್ಚು ಆರಲಿಲ್ಲ. ಮೂಗಿಗೆ ಬ್ಲೀಚಿಂಗ್ ಪುಡಿಯಂಥ ಘಾಟು ಹೊಡೆದಾಗ ಅವಳು ಬೆಚ್ಚಿಬಿದ್ದು ಎದ್ದಳು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ಎಲ್ಲೋ ಹೋಗಿತ್ತು. ಓಡಿಹೋಗಿ ಒಲೆ ಆರಿಸಿದಳು.

ಒಲೆ ತಣ್ಣಗಾದ ಮೇಲೆ ಬಾಗಿಲು ತೆರೆದು ನೋಡಿದಳು. ತಟ್ಟೆಗಳಲ್ಲಿ ಉಪ್ಪು ಬೆಳ್ಳಗೆ ಹರಡಿಕೊಂಡಿತ್ತು. ಘಾಟು ಕಿಟಕಿಯಿಂದ ಹೊರಗೆ ಹೋಗಿತ್ತು. ಯಾರೂ ನೋಡಿರಲಿಲ್ಲ. ಉಪ್ಪು ಅವಳ ಪರವಾಗಿ ಸುಳ್ಳು ಹೇಳುತ್ತಿತ್ತು, ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅವಳು ಬಾಯಿ ಮುಚ್ಚಿಕೊಂಡಳು. ಉಪ್ಪನ್ನು ಪೀಪಾಯಿಗೆ ತುಂಬಿಸಿದರು. ಪೀಪಾಯಿ ಕೈಗಾಡಿಯ ಮೇಲೆ ಮೆಲ್ಲಗೆ ಜರಡಿಮನೆಗೆ ಹೋಯಿತು. ಅದು ಕಣ್ಣಿಗೆ ಮರೆಯಾಗುವವರೆಗೂ ಕಸ್ತೂರಿ ನೋಡುತ್ತಾ ನಿಂತಳು.

ಜರಡಿಮನೆಯ ಕೆಲಸ ಮಕ್ತುಮಸಾಬನದು. ಸುತ್ತಲೂ ಆಳೆತ್ತರದ ಮಣ್ಣಿನ ದಿಬ್ಬ, ನಡುವೆ ಒಂದು ಸಣ್ಣ ಶೆಡ್ಡು, ಒಳಗೆ ಅವನೊಬ್ಬನೇ. ದಿಬ್ಬ ಇರುವುದು ಒಳಗಿದ್ದವನನ್ನು ಕಾಯಲು ಅಲ್ಲ, ಹೊರಗಿನವರನ್ನು ಕಾಯಲು. ಅದು ಅವನಿಗೂ ಗೊತ್ತು. ಆದರೂ ನಗುನಗುತ್ತಾ ಹೋಗಿ ಬರುವ ಮನುಷ್ಯ. ಕಸ್ತೂರಿಯನ್ನು ತಂಗಿ ಎನ್ನುತ್ತಿದ್ದ. ದಿನವೂ ಬೇವಿನ ಮರದ ಕೆಳಗೆ ಇಬ್ಬರೂ ಕೂತು ಬುತ್ತಿ ಬಿಚ್ಚುತ್ತಿದ್ದರು.

ಆವತ್ತೂ ಬಿಚ್ಚಿದರು.

"ಏನ್ ತಂಗಿ, ರೊಟ್ಟಿ ಜೋಡಿ ಜಗಳ ಆಡೀಯೇನ? ಮುಟ್ಟವಲ್ಲಿ" ಎಂದ ಮಕ್ತುಮಸಾಬ. "ತಗೋ, ಶೇಂಗಾ ಚಟ್ನಿ. ನಿಮ್ಮ ವೈನಿ ಮಾಡ್ಯಾಳ. ಉಪ್ಪು ಜಾಸ್ತಿ ಆಗೇತಿ, ಆದ್ರ ಅಕಿ ಮುಂದ ಹೇಳೂ ಧೈರ್ಯ ನನಗಿಲ್ಲ."

ಕಸ್ತೂರಿಗೆ ನಗು ಬರಲಿಲ್ಲ. "ಅಣ್ಣಾ, ಇವತ್ತಿನ ಮಾಲು ಯಾವಾಗ ಹಾಕ್ತಿ ಜರಡಿಗೆ?"

"ಇನ್ನೇನ್, ಕೈ ತೊಳಕೊಂಡು ಹೊಂಟೆ. ಭಾಳ ಬೆಳ್ಳಗ ಬಂದೈತಿ ನೋಡ. ನಿನ್ನ ಕೈಗುಣ."

ಅವಳು ಮುಟ್ಟದ ಬುತ್ತಿಯನ್ನು ಮತ್ತೆ ಕಟ್ಟಿದಳು. ಏನೂ ಆಗಲಿಕ್ಕಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಒಂದು ಸಲ ಕಾದ ಮಾತ್ರಕ್ಕೆ ಸಿಡಿದೇ ಸಿಡಿಯುತ್ತದೆಯೇ? ಎಷ್ಟೋ ಸಲ ಸಿಡಿಯದೇ ಇರಬಹುದು. ಮಕ್ಕಳೇ, 'ಏನೂ ಆಗಲಿಕ್ಕಿಲ್ಲ' ಎಂಬ ಮಾತು ನಿಮ್ಮ ಮನಸ್ಸಿಗೆ ಬಂದಾಗ ಒಂದು ಗಳಿಗೆ ನಿಂತು ನೋಡಿ. ಏನೋ ಆಗಬಹುದು ಎಂದು ಚೆನ್ನಾಗಿ ಗೊತ್ತಿದ್ದವರಿಗೇ ಆ ಮಾತು ಬೇಕಾಗುತ್ತದೆ.

ಮಕ್ತುಮಸಾಬ ಕೈ ತೊಳೆದು ಬಂದವನು ಅತ್ತಿತ್ತ ನೋಡಿ, ತೋಳಿನಿಂದ ಏನನ್ನೋ ಬಿಚ್ಚಿ ಅವಳ ಕೈಯಲ್ಲಿಟ್ಟ. ಬೆಳ್ಳಿಯ ತಾಯಿತ.

"ಮುಂಜಾನೆ ಗೇಟಿನ್ಯಾಗ ಬಿಚ್ಚಾಕ ಮರ್ತೆ. ಒಳಗ ಒಯ್ಯಾಕ ಬರಂಗಿಲ್ಲ. ಇಟ್ಕೊಂಡಿರು, ಬಂದು ಇಸ್ಕೋತೀನಿ. ಸಾಹೇಬ್ರ ಮುಂದ ಹೇಳಬ್ಯಾಡ ಮತ್ತ. ಬೂಟು ಹಿಡಸ್ತಾರ. ಈ ವಯಸ್ಸಿನ್ಯಾಗ ಮೊಮ್ಮಕ್ಕಳ ಮುಂದ ಮಾನ ಹೋಗೂದು ಬ್ಯಾಡ."

ಅವನು ದಿಬ್ಬವನ್ನು ಬಳಸಿಕೊಂಡು ನಡೆದ. ತಾಯಿತ ಇನ್ನೂ ಅವನ ಮೈಯ ಬಿಸಿಯಿಂದ ಬೆಚ್ಚಗಿತ್ತು. ಅವನನ್ನು ಕಾಯಲೆಂದು ಅವನ ತಾಯಿ ಕಟ್ಟಿದ್ದು. ಅದನ್ನು ಅವನು ಕೊಟ್ಟು ಹೋಗಿದ್ದು ತನ್ನ ಕೈಗೆ! ಕಸ್ತೂರಿ ತಾಯಿತವನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. ಬೂಟಿನ ನೆನಪು, ಗಂಡನ ಮುಖ, ಎಲ್ಲವೂ ಒಂದು ಕ್ಷಣ ಹಿಂದೆ ಸರಿದವು. ಅವನು ತಿರುಗಿ ಬಂದು ತಾಯಿತ ಕೇಳದಿದ್ದರೆ ಅದನ್ನು ಯಾರಿಗೆ ಕೊಡುವುದು, ಏನೆಂದು ಹೇಳಿ ಕೊಡುವುದು ಎಂಬುದೊಂದೇ ಉಳಿಯಿತು.

ಅವಳು ಓಡಿದಳು. ಆ ಜಾಗದಲ್ಲಿ ಓಡುವುದೂ ತಪ್ಪೇ. ದಿಬ್ಬದ ತಿರುವಿನಲ್ಲಿ ಬಿದ್ದು ಮೊಣಕಾಲು ತರಚಿತು. ಎದ್ದು ಮತ್ತೆ ಓಡಿದಳು. ಶೆಡ್ಡಿನ ಬಾಗಿಲಲ್ಲಿ ನೋಡಿದರೆ ಮಕ್ತುಮಸಾಬ ಪೀಪಾಯಿಯ ಮುಚ್ಚಳ ತೆಗೆದು ಮರದ ಸೌಟನ್ನು ಕೈಗೆತ್ತಿಕೊಂಡಿದ್ದ.

"ಅಣ್ಣಾ, ಮುಟ್ಟಬ್ಯಾಡ! ಕಾದೈತಿ ಅದು!"

ಸೌಟು ಉಪ್ಪಿನಿಂದ ಒಂದು ಗೇಣು ಮೇಲೆ ನಿಂತಿತು. ಮಕ್ತುಮಸಾಬ ಅವಳ ಮುಖ ನೋಡಿದ. ಪೀಪಾಯಿ ನೋಡಿದ. ಉಸಿರು ಬಿಗಿಹಿಡಿದು ಸೌಟನ್ನು ಮೆಲ್ಲಗೆ ಪಕ್ಕದ ಮಣೆಯ ಮೇಲಿಟ್ಟು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊರಗೆ ಬಂದ. ಹೊರಗೆ ಬಂದವನೇ ನೆಲದ ಮೇಲೆ ಕೂತುಬಿಟ್ಟ.

ಕೂಗು ಕೇಳಿ ಎಲ್ಲರೂ ಸೇರಿದರು. ಅಂದಾನಗೌಡರೂ ಬಂದರು.

"ಯಾರು ಓಡಿದ್ದು? ಏನದು ಗದ್ಲ?"

ಕಸ್ತೂರಿ ಮುಂದೆ ಬಂದಳು. "ನಾನ್ರಿ ಸಾಹೇಬ್ರ. ನನ್ನ ಕಣ್ಣ ಹತ್ತಿತ್ರಿ. ಉಪ್ಪು ಹದ ಮೀರಿ ಕಾದೈತ್ರಿ. ಹೇಳಾಕ ಅಂಜಿ ಸುಮ್ನ ಕಳಿಸಿದ್ನಿರಿ."

ಗೌಡರ ಮುಖ ಕಪ್ಪಿಟ್ಟಿತು. ಗೆಳೆಯನ ಶೆಡ್ಡು ಮತ್ತೆ ಕಣ್ಣ ಮುಂದೆ ಉರಿಯಿತೋ ಏನೋ. ಅವರು ಕಿರುಚಿದರು. "ಬೂಟು ತರ್ರಿ!"

"ತರ್ರಿ" ಎಂದ ಮಕ್ತುಮಸಾಬ, ಕೂತಲ್ಲಿಂದಲೇ. "ತಂದು ನನ್ನ ಕೈಯಾಗೂ ಕೊಡ್ರಿ. ನಾ ತಾಯಿತ ಕಟ್ಕೊಂಡ ಒಳಗ ಬಂದಿದ್ನಿ. ಇವತ್ತೊಂದ ದಿನ ಅಲ್ಲ. ಮ್ಯಾಲಿಂದ ಮ್ಯಾಲ ಮರೀತೀನಿ, ಮುಚ್ಚಿಡ್ತೀನಿ."

ಹಿಂದೆ ನಿಂತಿದ್ದ ಫಕ್ಕೀರಪ್ಪ ಮುಂದೆ ಬಂದ. ಇನ್ನೊಂದು ಪಾಳಿಯಲ್ಲಿ ಅದೇ ಒಲೆಯನ್ನು ನೋಡಿಕೊಳ್ಳುವವನು ಅವನೇ. ಎಲ್ಲರಿಗಿಂತ ಗಟ್ಟಿ ಆಳು, ಆದರೆ ಈಗ ಮಗುವಿನಂತೆ ಅಳುತ್ತಿದ್ದ.

"ಸಾಹೇಬ್ರ, ಆ ಸ್ವಿಚ್ಚು ಹೋದ ವಾರನ ಕೆಟ್ಟೈತ್ರಿ. ನನ್ನ ಪಾಳಿಯಾಗೂ ಹಿಂಗ ಕಾದಿತ್ರಿ. ನಾ ಬಾಯಿ ಬಿಡಲಿಲ್ಲ. ನಾ ಹೇಳಿದ್ರ ಈ ತಂಗಿಗೆ ಹಿಂಗ ಆಗ್ತಿರಲಿಲ್ಲ."

"ಆ ಮಾಲು ಎಲ್ಲೈತಿ?" ಗೌಡರ ದನಿ ಇಳಿದುಹೋಗಿತ್ತು.

"ಹೋತ್ರಿ. ಜರಡಿ ದಾಟಿ ಮಿಶ್ರಣದ ಮನಿಗೆ."

ಮಿಶ್ರಣದ ಮನೆ ಇದ್ದದ್ದು ಬೇರೆ ಊರಿನಲ್ಲಿ. ಅಲ್ಲಿ ಈ ಉಪ್ಪನ್ನು ಅಂಟಿನ ಜೊತೆ ದೊಡ್ಡ ಯಂತ್ರದಲ್ಲಿ ಕಲಸುತ್ತಾರೆ. ಅಲ್ಲಿಯೂ ಜನ ಇದ್ದಾರೆ, ಅವರಿಗೂ ಮನೆಮಂದಿ ಇದ್ದಾರೆ. ಬೆಳ್ಳಗಿನ ಉಪ್ಪು ನೋಡಿ ಅವರಿಗೆ ಯಾವ ಅನುಮಾನವೂ ಬರುವುದಿಲ್ಲ. ಬೂಟು ತರಲು ಹೊರಟವನು ಅರ್ಧ ದಾರಿಯಲ್ಲೇ ನಿಂತ. ಅಂದಾನಗೌಡರು ಅವನನ್ನು ದಾಟಿಕೊಂಡು ತಮ್ಮ ಕೋಣೆಗೆ ಓಡಿದರು.

ಫೋನು ಎತ್ತಿದರು. ಅಂಕಿ ಒತ್ತಲು ಹೋದ ಬೆರಳು ಹಾಗೇ ನಿಂತಿತು. ಮಿಶ್ರಣದ ಮನೆಯನ್ನು ನಿಲ್ಲಿಸುವ ಅಧಿಕಾರ ಇದ್ದದ್ದು ಮೇಲಿನ ಸಾಹೇಬರಿಗೆ ಮಾತ್ರ. ಹೇಳುವುದಾದರೆ ಅವರಿಗೇ ಹೇಳಬೇಕು. ನನ್ನ ವಿಭಾಗದಲ್ಲಿ ಒಲೆ ಕೆಟ್ಟಿತ್ತು, ನನಗೇ ಗೊತ್ತಿರಲಿಲ್ಲ, ಕೆಟ್ಟ ಉಪ್ಪು ನನ್ನ ಸಹಿ ಹೊತ್ತು ಮಿಶ್ರಣದ ಮನೆಗೆ ಹೋಗಿದೆ ಎನ್ನಬೇಕು. ಇಷ್ಟು ವರ್ಷದ ಹೆಸರು ಒಂದೇ ಮಾತಿಗೆ ಮಣ್ಣುಪಾಲು. ಹೋದ ವಾರದ ಮಾಲು, ಈಗಾಗಲೇ ಕಲಸಿ ಮುಗಿದಿರಬಹುದು. ಏನೂ ಆಗಲಿಕ್ಕಿಲ್ಲ.

ಫೋನನ್ನು ಕೆಳಗಿಟ್ಟರು.

ಕಿಟಕಿಯ ಆಚೆ ಕಸ್ತೂರಿ ನಿಂತಿದ್ದಳು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವಳ ಹಿಂದೆ ಮಕ್ತುಮಸಾಬ, ಫಕ್ಕೀರಪ್ಪ, ಉಳಿದವರು. ಯಾರ ಕಣ್ಣಲ್ಲೂ ಸಿಟ್ಟು ಇರಲಿಲ್ಲ. ತಾವು ಪಟ್ಟ ಪಾಡನ್ನು ಇನ್ನೊಬ್ಬರು ಪಡುವುದನ್ನು ನೋಡುತ್ತಿದ್ದರು, ಅಷ್ಟೇ. ಬೆಳಗ್ಗೆ ಈ ಹೆಣ್ಣುಮಗಳು ಒಲೆಯ ಬಾಗಿಲಲ್ಲಿ ಒಬ್ಬಳೇ ನಿಂತು ಪಟ್ಟ ಭಯ ಎಂಥದ್ದೆಂದು ಅಂದಾನಗೌಡರಿಗೆ ಆಗ ತಿಳಿಯಿತು. ಅದನ್ನು ಅವಳ ಎದೆಯಲ್ಲಿ ಬಿತ್ತಿದವರು ತಾವೇ ಎಂಬುದೂ ತಿಳಿಯಿತು.

ಮತ್ತೆ ಫೋನು ಎತ್ತಿದರು. ಹೇಳಿದರು. ಒಂದನ್ನೂ ಬಿಡದೆ ಹೇಳಿದರು.

ಆ ಕಡೆಯಿಂದ ಬಂದ ಬೈಗುಳ ಕಿಟಕಿಯ ಹೊರಗಿನವರಿಗೂ ಕೇಳಿಸಿತು. ನಿಮ್ಮಂಥವರನ್ನು ಕುರ್ಚಿಯ ಮೇಲೆ ಕೂರಿಸಿದ್ದೇ ತಪ್ಪು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಮೇಲಿನ ಸಾಹೇಬರು ಕಿರುಚುತ್ತಲೇ ಇದ್ದರು. ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಅಲ್ಲಿ ಯಂತ್ರ ತಿರುಗುತ್ತಿರಬಹುದು. ಅಂದಾನಗೌಡರು ಹುಟ್ಟಿದಂದಿನಿಂದ ಮೇಲಿನವರಿಗೆ ಎದುರು ಮಾತಾಡಿದವರಲ್ಲ. ಈಗ ಕಣ್ಣು ಮುಚ್ಚಿ, ಮೇಜನ್ನು ಗಟ್ಟಿಯಾಗಿ ಹಿಡಿದು ಕೂಗಿದರು.

"ಸರ್, ಮೊದಲ ಆ ಪೀಪಾಯಿ ನಿಲ್ಲಸ್ರಿ! ಆಮ್ಯಾಲ ಬೇಕಾದಷ್ಟ ಬೈರಿ!"

ಆ ಕಡೆ ಮಾತು ನಿಂತಿತು. ಫೋನು ಕಟ್ಟಾಯಿತು.

ಆಮೇಲೆ ಕಾಯುವುದು ಬಿಟ್ಟು ಬೇರೇನೂ ಇರಲಿಲ್ಲ. ಎಲ್ಲರೂ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂತರು. ಗೌಡರೂ ಅವರ ನಡುವೆ ಬಂದು ಕೂತರು. ದೂರದಲ್ಲಿ ಎಲ್ಲೋ ಲಾರಿಯ ಚಕ್ರ ಸಿಡಿದ ಸದ್ದಿಗೆ ಎಲ್ಲರೂ ಒಮ್ಮೆಗೇ ಎದ್ದು ನಿಂತು, ಮತ್ತೆ ಕೂತರು. ಕಸ್ತೂರಿ ದೇವರ ಹೆಸರು ಹೇಳುತ್ತಿದ್ದಳು. ಫಕ್ಕೀರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಫೋನು ರಿಂಗಾಯಿತು. ಗೌಡರು ಒಳಗೆ ಹೋಗಿ ಎತ್ತಿದರು. ಕೇಳಿಸಿಕೊಂಡರು. "ಆತ್ರಿ" ಎಂದಷ್ಟೇ ಹೇಳಿ ಇಟ್ಟರು. ಹೊರಗೆ ಬಂದರು. ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತರು.

"ಪೀಪಾಯಿ ಯಂತ್ರದ ಮಗ್ಗಲಕ್ಕ ಇತ್ತಂತ. ಮುಚ್ಚಳ ಬಿಚ್ಚಾಕ ಕೈ ಹಾಕಿದ್ರಂತ."

ಕಸ್ತೂರಿಯ ಎದುರು ಬಂದು ನಿಂತು, ಅವಳ ತರಚಿದ ಮೊಣಕಾಲು ನೋಡಿದರು.

"ನೀ ಹೇಳಿದ್ದಕ್ಕ ಅವ್ರು ಉಳಿದ್ರವ್ವ" ಎಂದರು. ಎಲ್ಲರೆದುರೇ ಅವರ ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲೂ ಹೋಗಲಿಲ್ಲ. ಆಮೇಲೆ ಉಳಿದವರ ಕಡೆ ತಿರುಗಿ ಕೇಳಿದರು.

"ಇನ್ನ ಯಾರಿಗೆ ಏನ್ ಹೇಳೋದೈತಿ, ಹೇಳ್ರಿ. ನಾ ಕೇಳ್ತೀನಿ."

ಮೊದಲು ಒಬ್ಬರು ಹೇಳಿದರು. ಆಮೇಲೆ ಇನ್ನೊಬ್ಬರು. ಸಂಜೆಯವರೆಗೂ ಆ ಕಟ್ಟೆಯ ಮೇಲೆ ಜನ ಹೇಳುತ್ತಲೇ ಇದ್ದರು. ಇಷ್ಟು ವರ್ಷ ತಾವು ಯಾವುದರ ಮೇಲೆ ಕೂತು ನಿದ್ದೆ ಮಾಡುತ್ತಿದ್ದೆವು ಎಂದು ಅಂದಾನಗೌಡರು ಒಂದೊಂದು ಮಾತಿಗೂ ನಡುಗಿದರು. ಆದರೆ ಯಾರ ಮಾತನ್ನೂ ನಡುವೆ ತಡೆಯಲಿಲ್ಲ.

ನೀತಿ: ತಪ್ಪು ಹೇಳಿಕೊಂಡವರಿಗೆ ಅವಮಾನ ಮಾಡಿದರೆ ತಪ್ಪು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಎಲ್ಲರೂ ಸುಮ್ಮನಿದ್ದಾರೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದು ತಿಳಿಯಬೇಡಿ. ತಪ್ಪು ಮಾಡಿದವರು ಮರ್ಯಾದೆಗೆ ಅಂಜಿ ಇನ್ನೊಬ್ಬರ ಪ್ರಾಣವನ್ನು ಪಣಕ್ಕಿಡಬಾರದು. ನಿಮ್ಮ ಮುಂದೆ ಯಾರಾದರೂ ನಡುಗುತ್ತಾ ಬಂದು 'ನನ್ನಿಂದ ಹೀಗಾಯಿತು' ಎಂದರೆ ಮೊದಲು ಅಪಾಯ ತಪ್ಪಿಸಿ. ಬೈಯಲು ಆಮೇಲೆ ಬೇಕಾದಷ್ಟು ಹೊತ್ತು ಇರುತ್ತದೆ.