ತಿರುಗುಬುಟ್ಟಿ ಗುಡ್ಡ

ಮಾಚನಕಟ್ಟೆಯಲ್ಲಿ ಬಸ್ಸಿಳಿದು ಪಡುವಣಕ್ಕೆ ತಿರುಗಿದರೆ ಮೊದಲು ಕಾಣುವುದು ಕೆರೆಯ ಏರಿ, ಅದರಾಚೆ ನೀರು, ನೀರಿನಾಚೆ ಒಂದು ಕುಳ್ಳ ಗುಡ್ಡ. ಗುಡಿಯಿಲ್ಲ, ಕೋಟೆಯಿಲ್ಲ, ಮೈತುಂಬ ತಂಗಟೆ, ಬಂದರಿಕೆ, ಕಾರೆಮುಳ್ಳು. ಸುತ್ತಲಿನ ಗುಡ್ಡಗಳನ್ನು ಜನ ಅಗೆದು ಲಾರಿಗೆ ತುಂಬಿ ಕಳಿಸಿದ್ದಾರೆ. ಇದೊಂದು ಮಾತ್ರ ಹಾಗೇ ಕೂತಿದೆ. ಇದರ ಹೆಸರು ತಿರುಗುಬುಟ್ಟಿ ಗುಡ್ಡ. ಹೆಸರು ಕೇಳಿ ಮೊದಲ ಸಲ ನಾನೂ ನಕ್ಕಿದ್ದೆ. ಆ ಊರಿನ ನೀರಗಂಟಿ, ಅಂದರೆ ತೂಬು ಎತ್ತಿ ಗದ್ದೆಗೆ ನೀರು ಬಿಡುವ ಕಾಟಯ್ಯನೆಂಬ ಮುದುಕ, ನಗಬೇಡ ಕೂತ್ಕೋ ಎಂದು ಏರಿಯ ಮೇಲೆ ಕೂರಿಸಿಕೊಂಡು ಹೇಳಿದ್ದು ಇದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೆನ್ನುತ್ತಾರೆ, ಈ ಊರಿನವರಿಗೆ ಕೆರೆಯೇ ಬದುಕು, ಕೆರೆಯೇ ಭಯ. ಊರು ಇರುವುದು ಏರಿಯ ಬುಡದಲ್ಲಿ. ಏರಿ ಒಡೆದರೆ ಓಡಲು ದಾರಿಯಿಲ್ಲ. ಅದಕ್ಕೇ ಪ್ರತಿ ಬೇಸಿಗೆಯಲ್ಲಿ ಮನೆಗೆ ನೂರು ಬುಟ್ಟಿಯಂತೆ ಮಣ್ಣು ಹೊತ್ತು ಏರಿಯನ್ನು ಒಂದು ಗೇಣು ಎತ್ತರಿಸುತ್ತಿದ್ದರು. ಮಣ್ಣು ತರುತ್ತಿದ್ದುದು ಈ ಗುಡ್ಡದಿಂದ. ಕೆಂಪು ಮಣ್ಣು, ಚೆನ್ನಾಗಿ ಹಿಡಿಯುತ್ತದೆ; ಇಳಿಜಾರಿನಲ್ಲಿ ಹೊರುವುದೂ ಹಗುರ. ಆ ಕೆಲಸಕ್ಕೊಂದು ಕಟ್ಟಳೆ ಇತ್ತು. ತಲೆಗೇರಿದ ಬುಟ್ಟಿಯನ್ನು ಸುರಿಯುವ ಜಾಗ ಮುಟ್ಟುವ ತನಕ ಕೆಳಗಿಳಿಸಬಾರದು, ಇಳಿಸೆಂದು ಯಾರೂ ಹೇಳಲೂಬಾರದು. ಇಷ್ಟೆಲ್ಲ ಮಾಡಿಯೂ ವರ್ಷದಿಂದ ವರ್ಷಕ್ಕೆ ಕೆರೆ ಬೇಗ ತುಂಬುತ್ತಿತ್ತು, ಬೇಗ ಬತ್ತುತ್ತಿತ್ತು. ಬೇಸಿಗೆಯಲ್ಲಿ ಎಮ್ಮೆ ಮೈ ನೆನೆಯುವಷ್ಟು ನೀರಿರುತ್ತಿರಲಿಲ್ಲ. ಮಳೆ ಬಂದರೆ ಸಾಕು, ನೀರು ಏರಿಯ ತಲೆ ನೆಕ್ಕುತ್ತಿತ್ತು. ಮೊದಲ ಹನಿ ಬೀಳುತ್ತಲೇ ಜನ ಮನೆಗೋಡಿ, ಗಂಟು ಕಟ್ಟಿ, ಏರಿಯ ಕಡೆ ಕಿವಿಕೊಟ್ಟು ಕೂರುತ್ತಿದ್ದರಂತೆ.

ಕೆಳಗೇರಿಯ ಕೊನೆಯಲ್ಲಿ, ಏರಿಗೆ ಬೆನ್ನು ತಾಗಿಸಿದಂತಿದ್ದ ಮನೆ ಬೊಮ್ಮಕ್ಕನದು. ಗಂಡ ತೀರಿದ್ದ, ಮಗ ಪಾಳೆಯಗಾರನ ದಂಡಿನಲ್ಲಿದ್ದ, ಮನೆಯಲ್ಲಿ ತುಂಬು ಬಸುರಿ ಸೊಸೆ. ಮಳೆ ಹಿಡಿಯುವ ಹೊತ್ತಿಗೇ ಹೆರಿಗೆ. ಹಿಂದಿನ ಮಳೆಗಾಲದ ಒಸರು ಆರದೆ ಆ ಬೇಸಿಗೆಯಲ್ಲೂ ಮನೆಯ ಹಿಂಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು. ಏರಿ ಒಡೆದರೆ ಈ ಹುಡುಗಿಯನ್ನು ಎತ್ತಿಕೊಂಡು ಎಲ್ಲಿಗೆ ಓಡಲಿ ಎಂಬುದೊಂದೇ ಬೊಮ್ಮಕ್ಕನ ಎದೆಯಲ್ಲಿ. ಒಂದು ಬೆಳಿಗ್ಗೆ ನೀರಿಗೆ ಹೋದವಳು ಸೋಪಾನದ ಮೇಲೆ ನಿಂತುಬಿಟ್ಟಳು. ತಾನು ಮದುವೆಯಾಗಿ ಬಂದಾಗ ಕೆರೆಗಿಳಿಯಲು ಇಪ್ಪತ್ತೆರಡು ಮೆಟ್ಟಿಲಿದ್ದವು. ಈಗ ಒಂಬತ್ತು. ಉಳಿದವು ಹೂಳಿನಡಿ. ಕೈಹಾಕಿ ಹೂಳು ಎತ್ತಿ ನೋಡಿದರೆ ಗುಡ್ಡದ್ದೇ ಕೆಂಪು ಮಣ್ಣು.

ಊರಗೌಡ ಸಿರಿಯಣ್ಣನ ಬಳಿ ಹೋಗಿ ಹೇಳಿದಳು: "ಗೌಡ್ರೇ, ಏರಿ ಎತ್ತಿದ್ದು ಸಾಕು. ಕೆರೆ ಹೊಟ್ಟೇಲಿ ನೀರಿಲ್ಲ, ಬರೀ ಮಣ್ಣೈತೆ. ನಾವು ಕೆದರಿದ ಗುಡ್ಡ ಕೆರೆಗೇ ಇಳೀತೈತೆ."

"ನಿಮ್ಮತ್ತೆ ಹೊತ್ತಳು, ನಮ್ಮಜ್ಜ ಹೊತ್ತ. ಅವ್ರಿಗೆಲ್ಲ ಕಣ್ಣಿರಲಿಲ್ಲೇನವ್ವಾ?" ಎಂದ ಗೌಡ. "ಸೊಸೆ ಬಸುರಿ ಅಂತ ನಿಂಗೆ ಗಾಬರಿ. ನೂರು ಬುಟ್ಟಿ ಹೊತ್ತಾಕು, ಗಾಬರಿ ಇಳೀತದೆ."

ಬೊಮ್ಮಕ್ಕ ಹೊತ್ತಳು. ಆದರೆ ಕೆರೆಯ ಹೂಳು ತುಂಬಿಕೊಂಡು ಗುಡ್ಡದ ಮೇಲಕ್ಕೆ ಹೊರಟಳು, ಅಗೆದ ಗುಂಡಿಗೆ ಸುರಿಯಲು. ಊರೆಲ್ಲ ಬುಟ್ಟಿ ಹೊತ್ತು ಇಳಿಯುತ್ತಿದೆ, ಇವಳೊಬ್ಬಳು ಹತ್ತುತ್ತಿದ್ದಾಳೆ. "ಬೊಮ್ಮಕ್ಕೋ, ಗುಡ್ಡಕ್ಕೆ ಬುತ್ತಿ ಹೊತ್ತೀಯೇನೇ? ಮೇಲೊಂದಿಷ್ಟು ಮಜ್ಜಿಗೆ ಹುಯ್ಯಿ!" ಎಂದು ನಕ್ಕರು. ದಾರಿ ಒಬ್ಬರಿಗಷ್ಟೇ ಸಾಲುವ ಕಾಲುಹಾದಿ. ಬರಿಬುಟ್ಟಿಯವರು ಹತ್ತುವಾಗ ಮುಳ್ಳಿಗೆ ಸರಿದು ಹೊರೆಯವರಿಗೆ ದಾರಿ ಬಿಡುವುದು ರೂಢಿ. ಇವಳ ಬುಟ್ಟಿಯೂ ತುಂಬಿದೆ, ಎದುರಿನವರದೂ ತುಂಬಿದೆ. ಸರಿಯುವವರು ಯಾರು? ಸಾಲು ನಿಂತಿತು. ಸಾಲಿನ ತಲೆಗೆ ಇದ್ದವನು ಗೌಡನೇ, ಅವನ ತಲೆಯ ಮೇಲೂ ಬುಟ್ಟಿ.

"ಸರಿಯವ್ವಾ."

"ನೀವೇ ಸರೀರಿ ಗೌಡ್ರೇ. ನನ್ನ ತಾವು ಹೊರೆ ಐತೆ."

ಇಳಿಸು ಎನ್ನಲು ಅವನಿಗೆ ಕಟ್ಟಳೆ ಬಿಡದು. ಹಾಗೆ ಕತ್ತು ನೋಯಿಸಿಕೊಂಡು ನಿಂತಿರುವಾಗಲೇ ಮೂಡಣದಿಂದ ಮೋಡ ಎದ್ದು, ಹದಿನೈದು ದಿನ ಮುಂಚೆಯೇ ಮಳೆ ಬಿತ್ತು. ಹಿಂದಿನವರು ಮನೆಯ ಕಡೆ ನೋಡಿದರು, ಆದರೆ ಹೊರೆ ಇಳಿಸುವ ಹಾಗಿಲ್ಲ, ಮುಂದೆ ದಾರಿಯಿಲ್ಲ. ಮಳೆ ಬೀಳುವಾಗ ಊರಿನವರು ಗುಡ್ಡದ ಮೇಲೆ ನಿಂತದ್ದು ಅದೇ ಮೊದಲು. ಮೇಲಿನ ಗುಂಡಿಗಳು ತುಂಬಿದವು, ಅಂಚು ಕುಸಿದವು. ಗೌಡನ ಕಾಲಬೆರಳುಗಳ ನಡುವೆ ನೀರು ರಕ್ತದ ಹಾಗೆ ಕೆಂಪಗೆ ಹರಿದು ಕೆರೆಗೆ ಇಳಿಯತೊಡಗಿತು. ಅವನು ಬಹಳ ಹೊತ್ತು ಅದನ್ನೇ ನೋಡಿದನಂತೆ. ಆಮೇಲೆ ತಿರುಗಿ, ಹೊತ್ತ ಬುಟ್ಟಿಯೊಡನೆ ಮೇಲಕ್ಕೆ ಹತ್ತಿದ. ಸಾಲೂ ತಿರುಗಿ ಅವನ ಮುಂದೆ ಹತ್ತಿತು, ಅವನ ಹಿಂದೆ ಬೊಮ್ಮಕ್ಕ. ಬುಟ್ಟಿಗಳೆಲ್ಲ ಹೊರಟ ಗುಂಡಿಗೇ ತಿರುಗಿದವು. ಗುಡ್ಡಕ್ಕೆ ಹೆಸರು ಬಂದದ್ದು ಅಂದು.

ಆ ವರ್ಷ ಆಮೇಲೆ ಏರಿಗೆ ಒಂದು ಹಿಡಿ ಮಣ್ಣೂ ಬೀಳಲಿಲ್ಲ. ತಪ್ಪು ಮಾಡಿದೆವೋ ಏನೋ ಎಂದು ಊರು ಗಂಟು ಕಟ್ಟಿಕೊಂಡೇ ಕೂತಿತ್ತು. ಬೊಮ್ಮಕ್ಕನ ಮೊಮ್ಮಗಳು ಹುಟ್ಟಿದ್ದು ಒದ್ದೆ ಗೋಡೆಯ ಪಕ್ಕದಲ್ಲೇ, ಕಟ್ಟಿಟ್ಟ ಗಂಟುಗಳ ನಡುವೆ. ಏರಿ ತಡೆಯಿತು. ಹೇಗೆ ತಡೆಯಿತೋ ಯಾರಿಗೂ ಗೊತ್ತಿಲ್ಲ ಎನ್ನುತ್ತಾರೆ. ಆಮೇಲೆ ಏಳು ಬೇಸಿಗೆ ಹೂಳು ಹೊತ್ತ ಮೇಲೆ ಮುಚ್ಚಿಹೋಗಿದ್ದ ಮೆಟ್ಟಿಲುಗಳಲ್ಲಿ ಆರು ಹೊರಬಂದವು. ಗುಡ್ಡಕ್ಕೆ ಸಲಿಕೆ ಹಾಕಿದವರು ನೂರು ಬುಟ್ಟಿ ಹೂಳು ಮೇಲಕ್ಕೆ ಹೊರಬೇಕೆಂದು ಗೌಡ ಕಟ್ಟು ಮಾಡಿದ.

ಈಗಲೂ ಮೊದಲ ಮಳೆಗೆ ಹೋದವರು ನೋಡಬಹುದು. ಬೇರೆ ಊರಿನ ಜನ ಸೂರಿನಡಿಗೆ ಓಡುವಾಗ ಇಲ್ಲಿನವರು ಅಂಗಡಿ ಬಾಗಿಲೆಳೆದು, ಚಪ್ಪಲಿ ಕೈಯಲ್ಲಿ ಹಿಡಿದು, ಗುಡ್ಡದ ಬುಡದಲ್ಲಿ ಸಾಲಾಗಿ ನಿಲ್ಲುತ್ತಾರೆ. ಹರಿದು ಬರುವ ನೀರಲ್ಲಿ ಕಾಲಿಟ್ಟು ಅದರ ಬಣ್ಣ ನೋಡುತ್ತಾರೆ. ತಿಳಿಯಾಗಿದ್ದರೆ ನಗುತ್ತ ಮನೆಗೆ ಹೋಗುತ್ತಾರೆ. ಹೋದ ವರ್ಷ ಅವರ ಜತೆ ನಾನೂ ನಿಂತಿದ್ದೆ. ನೀರು ಮೊದಲು ತಿಳಿಯಾಗಿಯೇ ಬಂತು. ಆಮೇಲೆ ಬಡಗಣ ಮಗ್ಗುಲಿನಿಂದ ಒಂದು ಕೆಂಪು ಎಳೆ ಇಳಿದು ಬಂದು ಕಾಟಯ್ಯನ ಪಾದಕ್ಕೆ ಸುತ್ತಿಕೊಂಡಿತು. ಮಳೆಯಲ್ಲೇ, ಒಬ್ಬರ ಹಿಂದೊಬ್ಬರು, ಆ ಎಳೆಯನ್ನು ಹಿಡಿದು ಮೇಲಕ್ಕೆ ಹತ್ತತೊಡಗಿದರು.